ಹಂದಿಯ ಅಂಗಿ ತೊಟ್ಟ ಸೀಗಡಿ

ಬಂಗಲೆಯ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿದ ಮೇಲೆ ಏನಾದರೊಂದು ಎಡವಟ್ಟು ಆಗದೆ ಆ ಒಲೆ ಆರಿದ್ದನ್ನು ನಾನು ಕಂಡವಳಲ್ಲ. ನಮ್ಮ ಯಜಮಾನರು ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ದೊರೆಗಳ ಬಂಗಲೆಗೆ ಅಡುಗೆಯವರು. ನಾನು ಘಟ್ಟದ ಕೆಳಗಿನಿಂದ ಅವರನ್ನು ಕಟ್ಟಿಕೊಂಡು ಬಂದವಳು. ಅರೆಯುವುದು, ಸುಲಿಯುವುದು, ತೊಳೆಯುವುದು ನನ್ನ ಕೆಲಸ; ಏನಾದರೂ ಸೀದುಹೋದರೆ ಬೈಸಿಕೊಳ್ಳುವುದೂ ನನ್ನದೇ. ಆದರೆ ಬಂಗಲೆಯ ಒಲೆಯ ಮೇಲೆ ನಾನು ಸೌಟು ಆಡಿಸುವಂತಿರಲಿಲ್ಲ. “ಇದು ಇಂಗ್ಲಿಷ್ ಅಡುಗೆ ಮಾರಾಯ್ತಿ, ನಿನ್ನ ಮೀನು ಸಾರಲ್ಲ” ಎನ್ನುತ್ತಿದ್ದರು. ಇಂಗ್ಲಿಷ್ ಅಡುಗೆ ಎಂದರೆ ಉಪ್ಪು ಖಾರ ಹಾಕಲು ಮರೆತು, ಮರೆತದ್ದಕ್ಕೊಂದು ಹೆಸರಿಡುವುದು ಎಂದು ನಾನು ತಿಳಿದುಕೊಂಡಿದ್ದೆ.

ಅದು ಯುದ್ಧದ ಕಾಲ. ಸೀಮೆಯಿಂದ ಬರುತ್ತಿದ್ದ ಡಬ್ಬಿಗಳೆಲ್ಲ ನಿಂತುಹೋಗಿದ್ದವು. ಆ ವರ್ಷ ಕಾಫಿ ಕೊಯ್ಲು ಮುಗಿದು ಎಲ್ಲರೂ ಗಿಡಕ್ಕೆ ಹೂ ಬಿಡಿಸುವ ಹೂಮಳೆಗೆ ಕಾಯುತ್ತಿರುವಾಗ, ಕಂಪನಿಯ ಏಜೆಂಟ್ ದೊರೆ ಬರುತ್ತಾರೆಂಬ ಸುದ್ದಿ ಬಂತು. ಎಸ್ಟೇಟಿನಿಂದ ಎಸ್ಟೇಟಿಗೆ ಸುತ್ತಿ, ಗಿಡ, ಕಣ, ಗೋದಾಮು ನೋಡಿ ತಪ್ಪು ಹಿಡಿಯುವ ದೊಡ್ಡ ದೊರೆ ಅವರು. ಈ ಸಲ ಬಂಗಲೆಗಳ ಖರ್ಚನ್ನೂ ನೋಡುತ್ತಿದ್ದರು. ಕಳಸದ ಕಡೆಯ ಒಂದು ಬಂಗಲೆಯಲ್ಲಿ ಊಟ ಬಹಳ ಚೆನ್ನಾಗಿತ್ತಂತೆ. “ಯುದ್ಧಕಾಲದಲ್ಲಿ ಇಷ್ಟು ದರ್ಬಾರೇ?” ಎಂದು ಅಡುಗೆಯವನನ್ನು ತೆಗೆಸಿದರು. ಮೂಡಿಗೆರೆ ಹತ್ತಿರದ ಇನ್ನೊಂದರಲ್ಲಿ ಊಟ ಕೆಟ್ಟಿತ್ತಂತೆ. “ಇಂಥವನಿಗೆ ಸಂಬಳ ಬೇರೆಯೇ?” ಎಂದು ಅವನನ್ನೂ ತೆಗೆಸಿದರು.

ನಮ್ಮವರ ಕೆಲಸ ಹೋದರೆ ಬಂಗಲೆಯ ಹಿಂದಿನ ನಮ್ಮ ಮನೆಯೂ ಹೋಗುತ್ತಿತ್ತು. ಊರಲ್ಲಿ ನಮಗೆ ಬೇರೆ ಸೂರಿರಲಿಲ್ಲ. ಹಾಗಾಗಿ ಏಜೆಂಟ್ ದೊರೆಗೆ ಬಡಿಸುವುದು ರುಚಿಯಾಗಿಯೂ ಇರಬೇಕು, ಬಡತನದ್ದಾಗಿಯೂ ಕಾಣಬೇಕು. ಯಜಮಾನರು ಹಗಲೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು.

ದಾರಿ ತೋರಿಸಿದವರು ನಮ್ಮ ದೊರೆಸಾನಿ. ಮದುವೆಯಾಗಿ ಹೊಸದಾಗಿ ಬಂದ ಹುಡುಗಿ, ಮನಸ್ಸು ಬೆಣ್ಣೆ. ಕನ್ನಡ ಕಲಿತದ್ದು ನನ್ನಿಂದ, ಆದ್ದರಿಂದ ಮಾತಿಗಿಂತ ಮೊದಲು ಬೈಗುಳ ಬಂದಿತ್ತು. “ನನ್ನ ಊರಲ್ಲಿ ಒಂದು ತಿಂಡಿ ಉಂಟು. ಸಮುದ್ರದ ಚಿಪ್ಪಿನ ಮಾಂಸಕ್ಕೆ ಬೇಕನ್ ಸುತ್ತೋದು, ಸುಡೋದು. ಗ್ಲಾಸಿನ ಜೊತೆಗೆ ತಿನ್ನೋದು. ಬಹಳ ಸುಲಭ” ಎಂದರು. ಬೇಕನ್ ಎಂದರೆ ಹಂದಿಯ ಹೊಟ್ಟೆಯ ಪಟ್ಟಿಗೆ ಉಪ್ಪು ಹಾಕಿ ಹೊಗೆ ಹಿಡಿಸಿ ತೆಳ್ಳಗೆ ಕೊಯ್ದದ್ದು. ಚಿಪ್ಪಿನ ಬದಲು ಸೀಗಡಿ ಆದೀತು ಎಂದು ನಾನು ಹೇಳಿದೆ. “ಸೀಗಡಿಗೆ ಹಂದಿಯ ಅಂಗಿ ಹೊಲಿಸೋದಾ?” ಎಂದು ಯಜಮಾನರು ಗೊಣಗಿದರು. ಬೇರೆ ದಾರಿ ಮಾತ್ರ ಅವರಿಗೂ ಹೊಳೆಯಲಿಲ್ಲ.

ಇದ್ದಿಲು ಬಸ್ಸು

ಕಡಲಿನ ಹತ್ತಿರ ಇದ್ದ ನನ್ನ ಅಣ್ಣನಿಗೆ ಹೇಳಿ ಕಳಿಸಿದೆ. ಅವನು ಒಳ್ಳೆಯ ತಾಜಾ ಸೀಗಡಿಯನ್ನು ಬುಟ್ಟಿಗೆ ತುಂಬಿ, ಒದ್ದೆ ಎಲೆ ಮುಚ್ಚಿ, ಘಟ್ಟ ಹತ್ತುವ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟ. ಕಂಡಕ್ಟರ್ ನಮಗೆ ಗುರುತಿನವನು, ಬಹಳ ಒಳ್ಳೆಯವನು. ಆ ಒಳ್ಳೆಯತನವೇ ನಮಗೆ ಮುಳುವಾಯಿತು.

ಪೆಟ್ರೋಲು ಸಿಗದ ಕಾಲವಾದ್ದರಿಂದ ಆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಬೆನ್ನಿಗೆ ದೊಡ್ಡದೊಂದು ಕಬ್ಬಿಣದ ಒಲೆ ಕಟ್ಟಿಕೊಂಡಿತ್ತು. ಓಡುತ್ತಿತ್ತು ಎಂದೆನಲ್ಲ, ಅದು ಬಯಲಿನ ಮಾತು. ಚಾರ್ಮಾಡಿ ಘಟ್ಟದಲ್ಲಿ ಜನ ಇಳಿದು ನಡೆಯುತ್ತಿದ್ದರು, ಬಸ್ಸು ಅವರ ಹಿಂದೆ ಬರುತ್ತಿತ್ತು. ಕೆಲವು ತಿರುವಿನಲ್ಲಿ ಜನವೇ ಬಸ್ಸನ್ನು ತಳ್ಳುತ್ತಿದ್ದರು.

ಬುಟ್ಟಿಯನ್ನು ಒಳಗಿಟ್ಟರೆ ಯಾರಾದರೂ ತುಳಿದಾರು ಎಂದು ಕಂಡಕ್ಟರ್ ಯೋಚಿಸಿದ. ಮೇಲಿಟ್ಟರೆ ಕಾಗೆ ಎತ್ತೀತು. ಯಾರೂ ಕೂರದ, ಯಾರೂ ಮುಟ್ಟದ ಜಾಗ ಬಸ್ಸಿನಲ್ಲಿ ಒಂದೇ ಇತ್ತು. ಬುಟ್ಟಿಯನ್ನು ಅಲ್ಲಿ ಭದ್ರವಾಗಿ ಕಟ್ಟಿದ. ಅದು ಆ ಒಲೆಯ ಪಕ್ಕ.

ನಾನೂ ಯಜಮಾನರೂ ಬೆಳಗ್ಗೆಯೇ ಕೊಟ್ಟಿಗೆಹಾರಕ್ಕೆ ಹೋಗಿ ಕಾದೆವು. ಬಸ್ಸು ಬಂದಾಗ ಹೊತ್ತು ಇಳಿದಿತ್ತು. ಇದ್ದಿಲು ಬಸ್ಸಿನಲ್ಲಿ ಘಟ್ಟ ಹತ್ತಿದವರ ಮುಖ ನೋಡಲಾಗುತ್ತಿರಲಿಲ್ಲ, ಹಸಿವು ಸುಸ್ತಿನಿಂದ ಬಾಡಿರುತ್ತಿತ್ತು. ಆ ದಿನ ಇಳಿದವರೆಲ್ಲ ಏನೋ ಖುಷಿಯಲ್ಲಿದ್ದರು. ಒಬ್ಬರು ಮೀಸೆ ಒರೆಸಿಕೊಂಡರು. ಇನ್ನೊಬ್ಬರು ನನ್ನನ್ನು ನೋಡಿ ಕೈಮುಗಿದರು. ನಾನು ಅವರನ್ನು ಹಿಂದೆಂದೂ ಕಂಡಿರಲಿಲ್ಲ.

ಕಂಡಕ್ಟರ್ ಬುಟ್ಟಿ ಹಿಡಿದುಕೊಂಡು ನಿಧಾನಕ್ಕೆ ಬಂದ. ಯಜಮಾನರು ಎಲೆ ಸರಿಸಿ ನೋಡಿದರು. ಒಳಗೆ ಕೆಂಪು ಸಿಪ್ಪೆ ಮಾತ್ರ ಇತ್ತು.

“ಎಂತ ಮಾರಾಯ ಇದು?”

“ಎಂತ ಹೇಳೋದು ಅಣ್ಣಾ. ಅರ್ಧ ಘಟ್ಟದಲ್ಲಿ ಬಸ್ಸು ನಿಂತಿತು. ಊಟದ ಹೊತ್ತು ಮೀರಿತು. ಆಗ ಪರಿಮಳ ಬಂತು. ನೋಡಿದರೆ ಅದರಷ್ಟಕ್ಕೆ ಅದು ಬೆಂದಿತ್ತು. ಬೆಂದದ್ದನ್ನ ನಿಮ್ಮ ಹತ್ರ ತಂದು ಕೊಟ್ಟರೆ ಹಳಸಿ ಹೋಗ್ತಿತ್ತು. ಜನ ಹಸಿದಿದ್ರು.”

ಯಜಮಾನರು ಸಿಪ್ಪೆ ಕೆದಕಿ ಬುಟ್ಟಿಯ ತಳದವರೆಗೆ ಹುಡುಕಿದರು. ಕಂಡಕ್ಟರಿಗೆ ಅವರನ್ನು ನೋಡಿ ಪಾಪ ಅನ್ನಿಸಿರಬೇಕು, ನನ್ನ ಕಡೆ ತಿರುಗಿ ಸಮಾಧಾನ ಹೇಳಿದ.

“ಆದ್ರೂ ಅಕ್ಕಾ, ಸೀಗಡಿ ಬಹಳ ಚೆನ್ನಾಗಿತ್ತು. ಉಪ್ಪೊಂದು ಸ್ವಲ್ಪ ಕಮ್ಮಿ.”

ನಾಯಿ ಪಾಲು

ತಾಜಾ ಸೀಗಡಿಯ ಆಸೆ ಬಿಟ್ಟು, ಮೂಡಿಗೆರೆ ಸಂತೆಯಿಂದ ಒಣ ಸೀಗಡಿ ತರಿಸಿದೆವು. ಅದು ಬಡವರ ತಿನಿಸು, ನಮಗೆ ಬೇಕಾದದ್ದೂ ಅದೇ. ಉಳಿದದ್ದು ಬೇಕನ್. ದೊರೆಗಳು ಕೋವಿ ತೆಗೆದುಕೊಂಡು ಕಾಡಿಗೆ ಹೋದರು. ಎಸ್ಟೇಟಿನ ಮೇಸ್ತ್ರಿ, ಅವನ ನಾಯಿ, ಊರಿನ ಕೆಲವರು ಜೊತೆಗೆ ಹೋದರು. ಮಧ್ಯಾಹ್ನಕ್ಕೆ ದೊಡ್ಡದೊಂದು ಕಾಡುಹಂದಿಯನ್ನು ಹೊತ್ತು ತಂದರು. ಈಡು ಹೊಡೆದವರು ದೊರೆಗಳೇ. ಹಂದಿಯನ್ನು ಅಡ್ಡಗಟ್ಟಿ ನಿಲ್ಲಿಸಿದ್ದು ಮೇಸ್ತ್ರಿಯ ನಾಯಿ.

ಷಿಕಾರಿಯಲ್ಲಿ ಪಾಲು ಮಾಡುವುದಕ್ಕೆ ಊರಿನ ಕಟ್ಟಳೆ ಉಂಟು. ಈಡು ಹೊಡೆದವರಿಗೆ ತಲೆ ಮತ್ತು ಒಂದು ತೊಡೆ. ಹಂದಿಯನ್ನು ನಿಲ್ಲಿಸಿದ ನಾಯಿಗೆ ಹೊಟ್ಟೆಯ ಭಾಗ. ಉಳಿದದ್ದು ಎಲ್ಲರಿಗೂ ಸಮ. ಬೇಕನ್ ಆಗುವುದು ಹೊಟ್ಟೆಯ ಭಾಗದಿಂದ.

ದೊರೆಗಳು ಮೇಸ್ತ್ರಿಯನ್ನು ಕರೆದು, ತೊಡೆ ನೀನಿಟ್ಟುಕೋ, ಹೊಟ್ಟೆ ನನಗೆ ಕೊಡು ಎಂದರು. ಮೇಸ್ತ್ರಿ ತಲೆಯ ಮುಂಡಾಸು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಹಳ ವಿನಯದಿಂದ ನಿಂತ.

“ತೋಟದ ಕೆಲಸದಲ್ಲಿ ನೀವು ಹೇಳಿದ್ದೇ ಸರಿ ದೊರೆಗಳೇ. ಆದ್ರೆ ಇದು ನನ್ನ ಪಾಲಲ್ಲ, ನಾಯಿ ಪಾಲು. ಅದರದ್ದನ್ನ ನಾನು ಹೆಂಗೆ ಕೊಡಲಿ? ನಾಳೆ ಅದು ಹಂದಿ ಹಿಂದೆ ಓಡಬೇಕಲ್ಲ?”

“ಹಾಗಾದ್ರೆ ನಾಯಿಗೆ ಎಂತ ಬೇಕು?”

“ಅದನ್ನೇ ಕೇಳಿ ನೋಡಿ.”

ನಮ್ಮ ದೊರೆಗಳು ಒರಟು ಮನುಷ್ಯ, ಆದರೆ ಅನ್ಯಾಯಕ್ಕೆ ಹೋಗುವವರಲ್ಲ. ಕಟ್ಟಳೆ ಎಂದ ಮೇಲೆ ಕಟ್ಟಳೆ. ಅಷ್ಟು ಗುಡ್ಡಕ್ಕೆ ಒಡೆಯರಂತಿದ್ದವರು ಬೂಟುಗಾಲಲ್ಲಿ ಕುಕ್ಕರುಗಾಲು ಹಾಕಿ ನಾಯಿಯ ಮುಂದೆ ಕೂತರು. ತೊಡೆ ತೋರಿಸಿದರು. ನಾಯಿ ಮೂಸಿ ನೋಡಿ ಮುಖ ತಿರುಗಿಸಿತು. ತಲೆ ತೋರಿಸಿದರು. ಅದು ಆಕಳಿಸಿತು. ಸುತ್ತ ನಿಂತಿದ್ದ ಆಳುಗಳು ನಗಲೂ ಆಗದೆ ಬಿಡಲೂ ಆಗದೆ ಮರದ ಕಡೆ ನೋಡುತ್ತಿದ್ದರು.

ದೊರೆಸಾನಿ ಒಳಗೆ ಓಡಿದರು. ಏಜೆಂಟ್ ದೊರೆಯ ಚಹಾಕ್ಕೆಂದು ಮುಚ್ಚಿಟ್ಟಿದ್ದ, ಬಂಗಲೆಯಲ್ಲಿ ಉಳಿದಿದ್ದ ಕೊನೆಯ ಸೀಮೆ ಬಿಸ್ಕತ್ತಿನ ಡಬ್ಬಿಯನ್ನು ತಂದರು. ಒಂದು ಕೊಟ್ಟರು. ನಾಯಿ ಕಣ್ಣು ಮುಚ್ಚಿಕೊಂಡು ತಿಂದಿತು. ಇನ್ನೊಂದು ಕೊಟ್ಟರು. ಅದು ಎದ್ದು ಬಂದು ದೊರೆಸಾನಿಯ ಕೈ ನೆಕ್ಕಿ, ಅವರ ಕಾಲ ಬಳಿಯೇ ಮಲಗಿತು.

“ಒಪ್ಪಿತು” ಎಂದ ಮೇಸ್ತ್ರಿ. ಡಬ್ಬಿ ನಾಯಿಯ ಪಾಲಾಯಿತು, ಹೊಟ್ಟೆಯ ಭಾಗ ಬಂಗಲೆಗೆ ಬಂತು. ಎರಡು ಕಡೆಗೂ ತೃಪ್ತಿ ಎಂದುಕೊಂಡು ನಾವು ಒಳಗೆ ಹೋದೆವು.

ಮಾರನೆಯ ದಿನ ಮೇಸ್ತ್ರಿ ಬಂಗಲೆಯ ಮೆಟ್ಟಿಲ ಬಳಿ ಬಂದು ತಲೆ ಕೆರೆಯುತ್ತ ನಿಂತ. ಏನೆಂದು ದೊರೆಗಳು ಕೇಳಿದರು.

“ಡಬ್ಬಿ ಮುಗೀತು ದೊರೆಗಳೇ. ಈಗ ಅದು ಮನೆ ಅನ್ನ ಮುಟ್ತಾ ಇಲ್ಲ. ನನ್ನ ಹೆಂಡತಿ ಹೇಳ್ತಾಳೆ, ಇನ್ನು ಅದನ್ನ ಬಂಗಲೇಲೇ ಇಟ್ಕೊಳ್ಳಬೇಕಂತೆ.”

ಕೊಟ್ಟೆಯ ಕಡ್ಡಿ

ಹಂದಿಯ ಪಟ್ಟಿಗೆ ಉಪ್ಪು, ಬೆಲ್ಲ, ತೋಟದ ಕರಿಮೆಣಸು ತಿಕ್ಕಿ ನಮ್ಮ ಮನೆಯ ಒಲೆಯ ಮೇಲೆ ತೂಗುಹಾಕಿದೆವು. ಹೊಗೆ ಹಿಡಿದು ಒಳ್ಳೆಯ ಬಣ್ಣ ಬಂತು. ಇನ್ನು ಸುತ್ತಿದ್ದು ಬಿಚ್ಚಿಕೊಳ್ಳದ ಹಾಗೆ ಚುಚ್ಚಲು ಸಣ್ಣ ಕಡ್ಡಿ ಬೇಕಿತ್ತು. ಬೆಂಕಿಕಡ್ಡಿ ಮುರಿದು ಚುಚ್ಚುತ್ತೇನೆಂದು ಯಜಮಾನರು ಹೊರಟರು. ಏಜೆಂಟ್ ದೊರೆಯ ಬಾಯಲ್ಲಿ ಗಂಧಕ ಹೊತ್ತಿಕೊಂಡರೆ ಯಾರು ಹೊಣೆ ಎಂದು ನಾನು ತಡೆದೆ.

ಕಡ್ಡಿ ಎಂದರೆ ನಮ್ಮ ಎಸ್ಟೇಟಿನ ರೈಟರ ತಾಯಿಯದ್ದು. ರೈಟರು ಪೂಜೆಯ ಮನೆತನದವರು, ಕಚೇರಿಯ ಬರವಣಿಗೆ ನೋಡುತ್ತಿದ್ದರು. ಅವರ ತಾಯಿ ಬಹಳ ಮಡಿಯವರು, ಅಷ್ಟೇ ಕರುಣೆಯವರು. ಹಲಸಿನ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಮಾಡಿ ಅದರಲ್ಲಿ ಕಡುಬು ಬೇಯಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ತೆಂಗಿನ ಗರಿಯ ಕಡ್ಡಿಯನ್ನು ಸೀಳಿ, ತುದಿ ಚೂಪು ಮಾಡಿ, ಕಟ್ಟು ಕಟ್ಟಿ ಇಟ್ಟಿರುತ್ತಿದ್ದರು. ದೊರೆಸಾನಿಯವರಿಗೆ ಸ್ವಲ್ಪ ಕಡ್ಡಿ ಬೇಕಂತೆ ಎಂದು ಕೇಳಿದೆ.

“ಅಯ್ಯೋ, ಕೊಟ್ಟೆ ಕಡುಬು ಕಲೀತಿದ್ದಾರಾ? ಒಳ್ಳೇದಾಯ್ತು” ಎಂದು ಅವರ ಮುಖ ಅರಳಿತು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹೌದೆಂದೂ ಹೇಳಲಿಲ್ಲ. ಕಡ್ಡಿಯ ಕಟ್ಟನ್ನು ಸೆರಗಿನಲ್ಲಿ ಹಾಕಿಸಿಕೊಂಡು ಬಂದೆ.

ಆ ಮಧ್ಯಾಹ್ನ ಯಜಮಾನರು ಅಭ್ಯಾಸಕ್ಕೆಂದು ಒಂದಿಷ್ಟು ಸುಟ್ಟರು. ದೊರೆ, ದೊರೆಸಾನಿ ತಿಂದು ನೋಡಿದರು. ಒಣ ಸೀಗಡಿ ಒಂದೊಂದಾಗಿ ಸುತ್ತಿದರೆ ಕಂಬಳಿಯೊಳಗೆ ಮಲಗಿದ ಇರುವೆಯ ಹಾಗಾಗುತ್ತದೆ, ಬೇರೆ ಉಪಾಯ ಬೇಕು ಎಂದು ತೀರ್ಮಾನವಾಯಿತು. ನಾನು ಪಾತ್ರೆ ತೊಳೆಯಲು ಕೂತೆ. ಕಡ್ಡಿಗಳ ಯೋಚನೆ ನನಗೆ ಬರಲೇ ಇಲ್ಲ.

ದೊರೆಸಾನಿಗೆ ಬಂದಿತ್ತು. ಯುದ್ಧಕಾಲ, ಏನನ್ನೂ ಬಿಸಾಡಬಾರದು ಎಂದು ಅವರ ಊರಿನಿಂದ ಬರೆದಿದ್ದರಂತೆ. ತಿಂದು ಉಳಿದ ಕಡ್ಡಿಗಳನ್ನು ಬಿಸಿನೀರಲ್ಲಿ ಸೋಪು ಹಾಕಿ ತೊಳೆದು, ಒರೆಸಿ, ನೀಲಿ ದಾರದಲ್ಲಿ ಕಟ್ಟಿ, ಉಪಕಾರಕ್ಕೆ ವಂದನೆ ಹೇಳಿ ಹಿಂತಿರುಗಿಸಿ ಬರಲು ತಾವೇ ನಡೆದುಕೊಂಡು ರೈಟರ ಮನೆಗೆ ಹೊರಟರು. ನಾನು ಕಿಟಕಿಯಿಂದ ನೋಡಿದಾಗ ಅವರು ರೈಟರ ಮನೆಯ ಜಗಲಿ ಹತ್ತುತ್ತಿದ್ದರು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಹಂದಿಯ ಕೊಬ್ಬು ಕುಡಿದ ಕಡ್ಡಿ ಆ ಅಜ್ಜಿಯ ಕಡುಬಿಗೆ ಸೇರಿದರೆ ನನಗೆ ಯಾವ ಗತಿ?

ಮುದುಕಮ್ಮ ಸಂತೋಷದಿಂದ ಕೈ ಚಾಚಿದ್ದರು.

“ಮುಟ್ಟಬೇಡಿ ಅಮ್ಮಾ!” ಎಂದು ಕೂಗಿದೆ. ಹಂದಿಯ ಹೆಸರೆತ್ತಿದರೆ ಅವರ ಮನಸ್ಸು ನೊಂದು ಹೋಗುತ್ತದೆ. ಆ ಹೊತ್ತಿಗೆ ಹೊಳೆದ ಇನ್ನೊಂದು ನಿಜವನ್ನು ಹೇಳಿದೆ. “ಅದು ಎಂಜಲು! ದೊರೆಸಾನಿ ಕಚ್ಚಿದ್ದು!”

ಅವರು ಕೈ ಹಿಂದೆ ತೆಗೆದುಕೊಂಡರು. ದೊರೆಸಾನಿಯನ್ನೂ, ಆ ನೀಲಿ ದಾರವನ್ನೂ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

“ಪಾಪ, ಅಷ್ಟು ದೊಡ್ಡ ಬಂಗಲೆ, ಗರಿಕಡ್ಡಿಯನ್ನೂ ತೊಳೆದಿಟ್ಟುಕೊಳ್ಳೋ ಸ್ಥಿತಿ ಬಂತಲ್ಲೇ. ಯಾರಿಗೂ ಹೇಳಬೇಡ.” ಹೀಗೆಂದು ಒಳಗೆ ಹೋಗಿ ಹೊಸ ಕಡ್ಡಿ, ಅದರ ಜೊತೆ ಒಂದು ಮೊರ ಅಕ್ಕಿ, ಬೆಲ್ಲ, ತೆಂಗಿನಕಾಯಿ ತಂದು ದೊರೆಸಾನಿಯ ಮಡಿಲು ತುಂಬಿ ಕಳಿಸಿದರು.

ಬಡತನದ ದರ್ಬಾರು

ಏಜೆಂಟ್ ದೊರೆ ಬರುವ ದಿನ ಬಂತು. ಒಣ ಸೀಗಡಿಯ ತೊಂದರೆಗೆ ನಾನೊಂದು ದಾರಿ ಹೇಳಿದೆ. “ಪತ್ರೊಡೆ ಮಾಡ್ತೇವಲ್ಲ, ಹಾಗೆ ಮಾಡುವ. ಸೀಗಡಿ ನೆನೆಸಿ ತರಿತರಿ ಅರೆದು, ಎಲೆಗೆ ಹಿಟ್ಟು ಹಚ್ಚೋ ಹಾಗೆ ಬೇಕನ್ನಿಗೆ ಹಚ್ಚಿ ಸುರುಳಿ ಸುತ್ತೋದು.” ಯಜಮಾನರು ನನ್ನ ಮುಖ ನೋಡಿದರು. “ಇಂಗ್ಲಿಷ್ ತಿಂಡಿಗೆ ಪತ್ರೊಡೆಯಾ? ಹೋಗು ಹೋಗು” ಎಂದರು. ಸ್ವಲ್ಪ ಹೊತ್ತಾದ ಮೇಲೆ ದೊರೆಸಾನಿಯ ಹತ್ತಿರ ಹೋಗಿ, “ಮೇಡಂ, ನನಗೊಂದು ಐಡಿಯಾ ಹೊಳೀತು” ಎಂದು ಶುರು ಮಾಡಿದರು. ಐಡಿಯಾ ಪತ್ರೊಡೆಯದ್ದೇ.

ಅರೆದ ಸೀಗಡಿಗೆ ಬ್ರೆಡ್ಡಿನ ಪುಡಿ, ಕರಿಮೆಣಸು, ನಿಂಬೆರಸ ಸೇರಿಸಿ, ಬೇಕನ್ನಿಗೆ ತೆಳ್ಳಗೆ ಹಚ್ಚಿ, ಸುತ್ತಿ, ಕಡ್ಡಿ ಚುಚ್ಚಿ ಒಲೆಗಿಟ್ಟರು. ಕೊಬ್ಬು ಕರಗಿ ಒಳಗಿಳಿದು, ಹೊರಗೆ ಗರಿಗರಿಯಾಯಿತು. ಪರಿಮಳ ಕಾಫಿ ಕಣದವರೆಗೆ ಹೋಯಿತು.

ಅತ್ತ ದೊರೆಸಾನಿ ಬಂಗಲೆಯನ್ನು ಬಡವಾಗಿಸುತ್ತಿದ್ದರು. ಬೆಳ್ಳಿಯ ತಟ್ಟೆಗಳು ನಮ್ಮ ಮನೆಯ ಭತ್ತದ ಕಣಜದೊಳಗೆ ಸೇರಿದವು. ರತ್ನಗಂಬಳಿ ಸುತ್ತಿ ಅಟ್ಟಕ್ಕೆ ಹೋಯಿತು. ದೊರೆಗಳಿಗೆ ಮೊಣಕೈ ಹರಿದ ಕೋಟು ತೊಡಿಸಿದರು. ಹರಿದದ್ದು ಸಾಲದೆಂದು ಇನ್ನಷ್ಟು ಹರಿದರು. ಮೇಸ್ತ್ರಿಯ ನಾಯಿ ಆಗಲೇ ಬಂಗಲೆಯಲ್ಲಿ ಬಿಡಾರ ಹೂಡಿತ್ತು. ಅದೂ ಬಡ ನಾಯಿಯ ಹಾಗೆ ಬಾಗಿಲಲ್ಲಿ ಮಲಗಿತು.

ಏಜೆಂಟ್ ದೊರೆ ದಪ್ಪ ಮನುಷ್ಯ, ವಯಸ್ಸಾದವರು. ಸಂಜೆಯ ಬೆಳಕಿರುವಾಗಲೇ ಗ್ಲಾಸು ಹಿಡಿದು ಜಗಲಿಯಲ್ಲಿ ಕೂತರು. ದಂತದ ಬಣ್ಣದ ಲೇಪ ಹೋಗಿ ಕಲೆಬಿದ್ದ ತಟ್ಟೆಯಲ್ಲಿ ಯಜಮಾನರು ಸುರುಳಿಗಳನ್ನು ಕೊಂಡೊಯ್ದಿಟ್ಟು ಬಾಗಿಲ ಸಂದಿಗೆ ಬಂದು ನಿಂತರು. ನನಗೆ ಇಂಗ್ಲಿಷ್ ಬಾರದು. ಅವರು ಕೇಳಿ ಕೇಳಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

“ತಗೊಂಡ್ರು... ಬಾಯಿಗಿಟ್ರು... ಏನೂ ಹೇಳ್ತಿಲ್ಲ... ಇನ್ನೊಂದು ತಗೊಂಡ್ರು. ದೊರೆಗಳು ಹೇಳ್ತಿದ್ದಾರೆ, ಸೀಗಡಿ ಸಂತೆದು, ಹಂದಿ ನಾಯಿದು, ಕಡ್ಡಿ ಪಕ್ಕದ ಮನೇದು ಅಂತ. ಏಜೆಂಟ್ ದೊರೆ ನಗ್ತಿದ್ದಾರೆ ಮಾರಾಯ್ತಿ! ಇಷ್ಟು ಕಮ್ಮೀಲಿ ಇಷ್ಟು ರುಚಿ ಎಲ್ಲೂ ಕಂಡಿಲ್ಲವಂತೆ. ಈ ಅಡುಗೆಯವನನ್ನ ತೆಗೆಯೋ ಮಾತೇ ಇಲ್ಲವಂತೆ!”

ನಾನು ದೇವರಿಗೆ ಕೈ ಮುಗಿದೆ. ಕಣ್ಣು ತೆರೆದು ನೋಡಿದರೆ ಯಜಮಾನರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಮತ್ತೆಂತ ಆಯ್ತು?”

“ನನ್ನನ್ನ ಅವರ ಜೊತೆ ಕರ್ಕೊಂಡು ಹೋಗ್ತಾರಂತೆ. ನಾಳೆ ತಿಂಡಿ ತಿಂದು ಹೊರಡುವಾಗ. ಮದ್ರಾಸಿಗೆ. ಸಂಸಾರಕ್ಕೆ ಅಲ್ಲಿ ಜಾಗ ಇಲ್ಲವಂತೆ.”

ಅಡುಗೆ ಕೆಟ್ಟರೆ ಮನೆ ಹೋಗುತ್ತದೆಂದು ಹೆದರಿದ್ದೆವು. ಚೆನ್ನಾಗಿ ಆದದ್ದಕ್ಕೆ ಮನೆಯ ಜೊತೆ ಗಂಡನೂ ಹೊರಟರು.

ಕೆಟ್ಟ ಅಡುಗೆ

ಬೆಳಗ್ಗೆ ಅಡುಗೆಮನೆಯಲ್ಲಿ ಸಭೆ ಸೇರಿತು. ಏಜೆಂಟ್ ದೊರೆಗೆ ಎದುರು ಹೇಳುವ ಧೈರ್ಯ ನಮ್ಮ ದೊರೆಗಳಿಗೂ ಇರಲಿಲ್ಲ. ದೊರೆಸಾನಿಯೇ ಉಪಾಯ ತೆಗೆದರು. “ಅವರು ತಿಂಡಿಗೆ ಅದನ್ನೇ ಕೇಳಿದ್ದಾರೆ. ಇವತ್ತು ಕೆಟ್ಟದು ಮಾಡು. ಬಹಳ ಕೆಟ್ಟದು. ಆಮೇಲೆ ಕರೆಯೋದಿಲ್ಲ.”

ಯಜಮಾನರು ಒಪ್ಪಿ ಒಲೆಯ ಮುಂದೆ ನಿಂತರು. ಉಪ್ಪನ್ನು ಹಿಡಿ ತುಂಬ ಹಾಕಿದರು. ಒಂದು ಗಳಿಗೆ ನೋಡಿದರು. ಆಲೂಗಡ್ಡೆ ಬೇಯಿಸಿ ಸೇರಿಸಿ ಉಪ್ಪನ್ನು ಸರಿಮಾಡಿದರು. ಅದನ್ನು ಪಕ್ಕಕ್ಕಿಟ್ಟು, ಈ ಸಲ ಸೀಯಿಸಿಯೇ ಸೀಯಿಸುತ್ತೇನೆ ಎಂದು ಇನ್ನೊಂದು ತಟ್ಟೆ ಒಲೆಯೊಳಗಿಟ್ಟರು. ಸರಿಯಾಗಿ ಕೆಂಪಾಗುವ ಹೊತ್ತಿಗೆ ಕೈ ತಾನಾಗಿ ಹೋಗಿ ತೆಗೆದುಬಿಟ್ಟಿತು. “ನನ್ನಿಂದಾಗಲ್ಲ ಮೇಡಂ. ಬೇಕಂತ ಕೆಡಿಸೋಕೆ ಈ ಕೈ ಕಲ್ತಿಲ್ಲ” ಎಂದು ಅಳುವಂತಾದರು.

ಆಮೇಲೆ ಯಜಮಾನರು ನಿಧಾನಕ್ಕೆ ತಲೆಯೆತ್ತಿ ನನ್ನನ್ನು ನೋಡಿದರು. ದೊರೆಸಾನಿಯೂ ನೋಡಿದರು. ದೊರೆಗಳೂ ನೋಡಿದರು.

“ಇವಳು ಮಾಡ್ಲಿ” ಎಂದರು ಯಜಮಾನರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಕಾಲ ಮುಟ್ಟಬೇಡ ಎಂದ ಒಲೆಯನ್ನು ಈಗ ಮುಟ್ಟು ಎನ್ನುವುದು, ಅದೂ ಕೆಡಿಸುವುದಕ್ಕೆ! “ನನ್ನ ಅಡುಗೆ ಅಷ್ಟು ಕೆಟ್ಟದ್ದಾ ಇವ್ರೇ?” ಎಂದು ಕೇಳಿದೆ. ಯಜಮಾನರು ಒಲೆಯ ಬೂದಿ ಕೆದಕುತ್ತ ನಿಂತರು. ದೊರೆಸಾನಿ ನನ್ನ ಕೈ ಹಿಡಿದುಕೊಂಡು, “ಕೆಟ್ಟದ್ದಲ್ಲ ಅಕ್ಕ. ಅವರ ಬಾಯಿಗೆ ಕೆಟ್ಟದ್ದು” ಎಂದರು. ಆ ಮಾತಿನಿಂದ ಅರ್ಧ ಸಮಾಧಾನವಾಯಿತು, ಅರ್ಧ ಹಾಗೇ ಉಳಿಯಿತು.

ನಾನು ಮನಸ್ಸಿನಲ್ಲೇ ನಿಶ್ಚಯಿಸಿದೆ. ಕೆಡಿಸುವುದಿಲ್ಲ. ನನ್ನ ಅಮ್ಮ ಕಲಿಸಿದ ಹಾಗೆ, ಮನಸ್ಸಿಟ್ಟು ಮಾಡುತ್ತೇನೆ. ಕೆಟ್ಟದ್ದೆನ್ನಿಸಿದರೆ ಅದು ಆ ನಾಲಿಗೆಯ ತಪ್ಪು. ಒಣಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ, ಹುಣಸೆ, ಅದರ ಮೇಲೆ ಒಂದು ಹಿಡಿ ಉರಿಖಾರದ ಸೂಜಿಮೆಣಸು, ಎಲ್ಲವನ್ನೂ ಕಲ್ಲಿನಲ್ಲಿ ನುಣ್ಣಗೆ ಅರೆದೆ. ಸೀಗಡಿಗೆ ಸೇರಿಸಿ, ಬೇಕನ್ನಿಗೆ ದಪ್ಪಕ್ಕೆ ಹಚ್ಚಿ ಸುತ್ತಿ, ಕಡ್ಡಿ ಚುಚ್ಚಿ, ಹಂದಿಯ ಕೊಬ್ಬಿನಲ್ಲೇ ಕಬ್ಬಿಣದ ಕಾವಲಿಯ ಮೇಲೆ ಹುರಿದೆ. ಮೊದಲು ನಾನು ಸೀನಿದೆ. ಆಮೇಲೆ ಯಜಮಾನರು, ಆಮೇಲೆ ಊಟದ ಕೋಣೆಯಲ್ಲಿ ಏಜೆಂಟ್ ದೊರೆ. ನಾಯಿ ಎದ್ದು ತೋಟಕ್ಕೆ ಹೋಯಿತು.

ತಟ್ಟೆ ಒಳಗೆ ಹೋದ ಮೇಲೆ ಹರಕೆ ಹೊರಲೆಂದು ಕೈ ಮುಗಿದೆ. ಅವರಿಗೆ ಹಿಡಿಸಿದರೆ ನನ್ನ ಗಂಡ ಹೋಗುತ್ತಾರೆ. ಹಿಡಿಸದಿದ್ದರೆ ನನ್ನ ಕೈರುಚಿಯ ಮಾನ ಹೋಗುತ್ತದೆ. ಯಾವುದಕ್ಕೆ ಹರಕೆ ಹೊರುವುದೆಂದೇ ತಿಳಿಯಲಿಲ್ಲ. ಕೊನೆಗೆ ಗಂಡ ಉಳಿಯಲಿ ಎಂದೇ ಬೇಡಿಕೊಂಡೆ. ಮಾನವನ್ನು ಆಮೇಲೆ ನೋಡಿಕೊಂಡರಾಯಿತು.

ಯಜಮಾನರು ಬಾಗಿಲ ಸಂದಿಯಲ್ಲಿ ನಿಂತರು. “ಬಾಯಿಗಿಟ್ರು... ಮುಖ ಕೆಂಪಾಯ್ತು... ನೀರು ಕುಡಿದ್ರು... ಹೂಜಿಯನ್ನೇ ಎತ್ತಿದ್ರು!”

“ಮತ್ತೆ?”

“ಅಯ್ಯೋ, ಇನ್ನೊಂದಕ್ಕೆ ಕೈ ಹಾಕಿದ್ರು!”

ಯಜಮಾನರು ಗೋಡೆಗೆ ಒರಗಿದರು. ಒಳಗಿನಿಂದ ಕೆಮ್ಮು, ಸೀನು, ನೀರು ಗಟಗಟ ಕುಡಿಯುವ ಸದ್ದು ಕೇಳಿತು. ಆಮೇಲೆ ಏಜೆಂಟ್ ದೊರೆ ಮಾತಾಡಿದರು. ಯಜಮಾನರು ಕಿವಿಗೊಟ್ಟು ಕೇಳಿ, ಒಂದೊಂದೇ ಮಾತು ಹೇಳಿದರು.

“ನಿನ್ನೆ ದೇವರು ಮಾಡಿದ ಅಡುಗೆಯಂತೆ. ಇವತ್ತಿನದು ದೆವ್ವ ಮಾಡಿದ್ದಂತೆ. ನಿನ್ನೆ ರುಚಿ ಇದರೊಳಗೆ ಎಲ್ಲಾದರೂ ಉಂಟಾ ಅಂತ ಎರಡನೇದನ್ನ ತಿಂದು ನೋಡಿದರಂತೆ. ಒಂದು ದಿನ ಹೀಗೆ, ಒಂದು ದಿನ ಹಾಗೆ ಮಾಡುವವನನ್ನ ಈ ವಯಸ್ಸಲ್ಲಿ ಇಟ್ಟುಕೊಳ್ಳೋಕೆ ತನ್ನಿಂದಾಗಲ್ಲವಂತೆ. ನೀವು ಎಳೆ ಪ್ರಾಯದವರು, ತಡಕೊಳ್ಳಬಹುದು, ಇವನು ನಿಮ್ಮಲ್ಲೇ ಇರಲಿ ಅಂತಿದ್ದಾರೆ.”

ದೊರೆಸಾನಿ ಬಹಳ ದುಃಖದ ಮುಖ ಮಾಡಿ ಏಜೆಂಟ್ ದೊರೆಯನ್ನು ಕಾರಿನವರೆಗೆ ಬಿಟ್ಟುಬಂದರು. ಕಾರು ತಿರುವು ದಾಟುವವರೆಗೂ ಅವರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ದೊಡ್ಡ ದೊರೆ ಹೊರಟ ಬೇಸರ ಎಂದು ಆಳುಗಳು ಮಾತಾಡಿಕೊಂಡರು.

ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಮನೆ ಉಳಿಯಿತು, ಗಂಡ ಉಳಿದರು, ಕಣ್ಣಲ್ಲಿ ಸಂತೋಷದ ನೀರಿತ್ತು. ಆದರೂ ಒಳಗೆ ಚುಚ್ಚುತ್ತಿತ್ತು. ಅಮ್ಮ ಕಲಿಸಿದ ಅಡುಗೆಯನ್ನು ದೆವ್ವದ್ದು ಎಂದರಲ್ಲ. ಮನಸ್ಸಿಟ್ಟು ಮಾಡಿದ್ದೆ. ಉಪ್ಪು ಹುಳಿ ಎಲ್ಲ ಹದವಾಗಿತ್ತು.

ಹಿಂದಿನಿಂದ ಹೆಜ್ಜೆಯ ಸದ್ದಾಯಿತು. ದೊರೆಸಾನಿ ನಿಂತಿದ್ದರು. ಅವರ ಮೂಗು ಕೆಂಪಾಗಿತ್ತು, ಬೆರಳ ತುದಿಯಲ್ಲಿ ಮಸಾಲೆ ಅಂಟಿತ್ತು. ಅವರ ಹಿಂದೆ ಹರಿದ ಕೋಟಿನ ದೊರೆಗಳು ಖಾಲಿ ತಟ್ಟೆ ಹಿಡಿದು ನಿಂತಿದ್ದರು.

“ಅಕ್ಕಾ” ಎಂದರು ದೊರೆಸಾನಿ ತಗ್ಗಿದ ದನಿಯಲ್ಲಿ, “ಆ ಕೆಟ್ಟದ್ದು ಇನ್ನೂ ಉಂಟಾ?”

ಕಾವಲಿಯಲ್ಲಿ ಒಂದಿಷ್ಟು ಉಳಿಸಿದ್ದೆ. ಎದ್ದು ಒಳಗೆ ಓಡಿದೆ. ಕಾವಲಿ ಒರೆಸಿದಷ್ಟು ಚೊಕ್ಕವಾಗಿತ್ತು. ಬಾಗಿಲ ಹಿಂದೆ ಯಜಮಾನರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಕೈಯಲ್ಲಿ ತಿಂದು ಬರಿದಾದ ಕಡ್ಡಿಗಳ ಒಂದು ಕಟ್ಟೇ ಇತ್ತು. ಕಣ್ಣು ಮೂಗಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಕೆನ್ನೆ ಎರಡೂ ಕಡೆ ಉಬ್ಬಿತ್ತು. ನನ್ನನ್ನು ನೋಡಿದವರೇ ಗಬಕ್ಕನೆ ನುಂಗಿದರು.

“ಎಂತ ನೋಡ್ತೀ ಮಾರಾಯ್ತಿ? ನಿಜವಾಗ್ಲೂ ಕೆಟ್ಟಿದ್ಯಾ ಅಂತ ನೋಡ್ತಿದ್ದೆ. ಇನ್ನೊಂದು ತಟ್ಟೆ ಮಾಡು, ಇನ್ನೂ ಗೊತ್ತಾಗ್ಲಿಲ್ಲ.”